ಕಾಲೇಜು ಮುಗಿದ ಮೇಲೆ ಮೊದಲ ಬಾಡಿಗೆ ಮನೆ: ಮನೆಗಿಂತ ಮೊದಲು ಬಡಾವಣೆ ಹುಡುಕಿ

ಕೆಲಸ ಸಿಕ್ಕಿದ ಕೂಡಲೇ ಹೆಚ್ಚಿನವರು ಮೊಬೈಲ್‌ನಲ್ಲಿ ಬಾಡಿಗೆ ಮನೆಗಳ ಫೋಟೊ ನೋಡುತ್ತ ಕೂರುತ್ತಾರೆ. ಬಾಲ್ಕನಿ, ಬೆಳಕು, ಬಿಳಿ ಗೋಡೆ. ಎರಡೇ ದಿನದಲ್ಲಿ ಯಾವುದೋ ಒಂದು ಮನೆಗೆ ಮನಸ್ಸು ಅಂಟಿಕೊಳ್ಳುತ್ತದೆ. ಆಮೇಲೆ ಹಾಕುವ ಲೆಕ್ಕವೆಲ್ಲ ಆ ಮನೆಯನ್ನು ಸಮರ್ಥಿಸಿಕೊಳ್ಳುವ ಲೆಕ್ಕವೇ. ಈ ಕ್ರಮವನ್ನು ತಿರುವುಮುರುವು ಮಾಡಬೇಕು: ಮೊದಲು ದುಡ್ಡು, ಆಮೇಲೆ ಬಡಾವಣೆ, ಕೊನೆಗೆ ಮನೆ. ಗೋಡೆಗೆ ಬಣ್ಣ ಹೊಡೆಸಬಹುದು, ಸೋರುವ ನಲ್ಲಿ ಬದಲಿಸಬಹುದು. ಕಚೇರಿಗೆ ಒಂದೂವರೆ ಗಂಟೆ ದೂರದಲ್ಲಿರುವ ಬಡಾವಣೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಮಾತ್ರ ಯಾರಿಂದಲೂ ಆಗುವುದಿಲ್ಲ.

ಈ ಮನೆಯಲ್ಲಿ ನೀವು ಒಂದೆರಡು ವರ್ಷ ಇರುತ್ತೀರಿ, ಅಷ್ಟೇ. ಕೆಲಸ ಬದಲಾಗಬಹುದು, ಊರೇ ಬದಲಾಗಬಹುದು. ಹಾಗಾಗಿ ಅತಿಥಿಗಳಿಗೆ ಪ್ರತ್ಯೇಕ ಕೋಣೆ, ದೊಡ್ಡ ಊಟದ ಮೇಜಿಗೆ ಜಾಗ ಎಂದೆಲ್ಲ ಹುಡುಕುವುದನ್ನು ಸದ್ಯಕ್ಕೆ ಬಿಟ್ಟುಬಿಡಿ.

1. ಕೈಗೆ ಬರುವ ಸಂಬಳದಿಂದ ಲೆಕ್ಕ ಶುರು ಮಾಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಎಲ್ಲರಿಗೂ ಗೊತ್ತು. ಹಾಸಿಗೆ ಎಷ್ಟುದ್ದ ಇದೆ ಎಂದು ಅಳೆದು ನೋಡುವವರು ಕಡಿಮೆ. ನೇಮಕಾತಿ ಪತ್ರದಲ್ಲಿರುವ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ನಿಮ್ಮ ಸಂಬಳವಲ್ಲ. ತೆರಿಗೆ, ವಿಮೆ, ಪಿಂಚಣಿ ಎಂದು ಕಡಿತವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದೇ ನಿಜವಾದ ಸಂಬಳ. ವರ್ಷಾಂತ್ಯಕ್ಕೆ ಬರಬಹುದು ಎನ್ನುವ ಬೋನಸ್ಸನ್ನು ಲೆಕ್ಕಕ್ಕೆ ಸೇರಿಸಬೇಡಿ. ಶಿಕ್ಷಣ ಸಾಲದ ಕಂತು, ಮನೆಯವರಿಗೆ ಕಳುಹಿಸುವ ಹಣ ಇದ್ದರೆ ಅವನ್ನು ಮೊದಲೇ ಕಳೆಯಿರಿ.

ಸಂಬಳದ ಶೇ. 30ರಷ್ಟನ್ನು ಬಾಡಿಗೆಗೆ ಕೊಡಬಹುದು ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಅದು ಬಂದದ್ದು ಅಮೆರಿಕದ ಸರ್ಕಾರಿ ವಸತಿ ಯೋಜನೆಗಳಿಂದ. ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ಹೆಸರಿನ 1969ರ ತಿದ್ದುಪಡಿ ಅಲ್ಲಿನ ಬಾಡಿಗೆದಾರರಿಗೆ ಆದಾಯದ ಶೇ. 25ರ ಮಿತಿ ಹಾಕಿತು. 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಲಾಯಿತು. ಅಂದರೆ ಬಡ ಕುಟುಂಬಗಳಿಂದ ಇದಕ್ಕಿಂತ ಹೆಚ್ಚು ಕೇಳಬಾರದು ಎಂದು ಹಾಕಿದ ಮೇಲ್ಮಿತಿ ಅದು. ಸಾಲದ ಕಂತು ಕಟ್ಟುವ ಹೊಸ ಪದವೀಧರರು ಇಷ್ಟನ್ನು ಖರ್ಚು ಮಾಡಲೇಬೇಕು ಎಂಬ ಸಲಹೆಯಲ್ಲ. ಕಂತು ದೊಡ್ಡದಿದ್ದರೆ ಶೇ. 30 ನಿಮಗೆ ದುಬಾರಿಯೇ.

ನನಗೆ ಇನ್ನೊಂದು ಅಳತೆ ಹೆಚ್ಚು ಸರಿ ಎನಿಸುತ್ತದೆ. ಷಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಬಾಡಿಗೆ ಮತ್ತು ಓಡಾಟದ ಖರ್ಚನ್ನು ಒಟ್ಟಿಗೆ ಸೇರಿಸಿ ನೋಡುತ್ತದೆ; ಎರಡೂ ಸೇರಿ ಆದಾಯದ ಶೇ. 45 ಮೀರಬಾರದು ಎನ್ನುತ್ತದೆ. ಸಂಖ್ಯೆಯನ್ನು ನಿಮ್ಮ ಪರಿಸ್ಥಿತಿಗೆ ತಕ್ಕಂತೆ ಇಳಿಸಿಕೊಳ್ಳಿ, ಆದರೆ ಕೂಡಿಸುವ ಕ್ರಮವನ್ನು ಬಿಡಬೇಡಿ.

ಕೈಗೆ ಬರುವ ಸಂಬಳವನ್ನು 100 ಎಂದುಕೊಳ್ಳಿ. ಊರಾಚೆಯ ಮನೆಗೆ ಬಾಡಿಗೆ 24, ಓಡಾಟಕ್ಕೆ 13, ಒಟ್ಟು 37. ಕಚೇರಿಗೆ ಹತ್ತಿರದ, ಅದಕ್ಕಿಂತ ಚಿಕ್ಕ ಮನೆಗೆ ಬಾಡಿಗೆ 33, ಓಡಾಟಕ್ಕೆ 3, ಒಟ್ಟು 36. ಜಾಹೀರಾತಿನಲ್ಲಿ ಅಗ್ಗವಾಗಿ ಕಂಡದ್ದು ಲೆಕ್ಕದಲ್ಲಿ ದುಬಾರಿ. ಇನ್ನು ಸಮಯ: ಮೊದಲನೆಯದರಿಂದ ಕಚೇರಿಗೆ ಹೋಗಿ ಬರಲು ಮೂರು ಗಂಟೆ, ಎರಡನೆಯದರಿಂದ ಒಂದು ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆಯ ವ್ಯತ್ಯಾಸ, ತಿಂಗಳಿಗೆ 22 ಕೆಲಸದ ದಿನಗಳು, ಒಟ್ಟು 44 ಗಂಟೆ. ಪ್ರತಿ ತಿಂಗಳೂ ಒಂದು ವಾರದ ದುಡಿಮೆಗಿಂತ ಹೆಚ್ಚು ಹೊತ್ತನ್ನು ಸಂಬಳವಿಲ್ಲದೆ ರಸ್ತೆಗೆ ಕೊಟ್ಟಂತೆ.

ತಿಂಗಳ ಖರ್ಚು ಹೀಗಾದರೆ, ಮನೆ ಹೊಕ್ಕುವ ಖರ್ಚು ಬೇರೆಯೇ. ಮುಂಗಡ ಠೇವಣಿ, ಮೊದಲ ತಿಂಗಳ ಬಾಡಿಗೆ, ದಲ್ಲಾಳಿಯ ಶುಲ್ಕ, ಸಾಮಾನು ಸಾಗಣೆ ಎಲ್ಲವೂ ಒಂದೇ ವಾರದಲ್ಲಿ ಬಂದು ನಿಲ್ಲುತ್ತವೆ. ಜೊತೆಗೆ ಹಾಸಿಗೆ, ಬಕೆಟ್, ಬಲ್ಬು, ಪರದೆ, ಪೊರಕೆ, ಒಂದೆರಡು ಪಾತ್ರೆ. ಒಂದೊಂದೂ ಸಣ್ಣದು, ಕೂಡಿಸಿದರೆ ಸಣ್ಣದಲ್ಲ. ಇಷ್ಟರ ನಡುವೆ ಮೊದಲ ಸಂಬಳ ಕೈಗೆ ಬರುವುದು ತಿಂಗಳು ತುಂಬಿದ ಮೇಲೆ. ತಿಂಗಳ ನಡುವೆ ಕೆಲಸಕ್ಕೆ ಸೇರಿದರೆ ಕೆಲವು ಕಡೆ ಮುಂದಿನ ತಿಂಗಳ ಸಂಬಳದೊಂದಿಗೇ ಸೇರಿಸಿ ಕೊಡುತ್ತಾರೆ. ಯಾವ ದಿನ ಬರುತ್ತದೆ ಎಂದು ಕಚೇರಿಯ ಮಾನವ ಸಂಪನ್ಮೂಲ ವಿಭಾಗವನ್ನು ಮುಂಚೆಯೇ ಕೇಳಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

2. ಒಂದು ತಿಂಗಳು ಬೇರೆಲ್ಲಾದರೂ ಇದ್ದು ನೋಡಿ

ಹೊಸ ಊರಾದರೆ ದೂರದಿಂದಲೇ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಹಾಸ್ಟೆಲ್, ತಿಂಗಳ ಬಾಡಿಗೆಯ ಕೋಣೆ, ಪರಿಚಯದವರ ಮನೆ, ಯಾವುದಾದರೂ ಆದೀತು. ಮೊದಲ ಕೆಲವು ವಾರ ಅಲ್ಲಿದ್ದುಕೊಂಡು ಊರು ನೋಡಿ. ಕಚೇರಿಯಲ್ಲಿ ನಿಮ್ಮಷ್ಟೇ ಸಂಬಳದ, ಒಂದೆರಡು ವರ್ಷ ಹಿರಿಯ ಸಹೋದ್ಯೋಗಿಗಳು ಎಲ್ಲಿದ್ದಾರೆ, ಅಲ್ಲಿಗೆ ಏಕೆ ಹೋದರು ಎಂದು ಕೇಳಿ. ಹಳೆಯ ಮನೆ ಬಿಟ್ಟು ಹೊಸದಕ್ಕೆ ಹೋದವರನ್ನು ಹುಡುಕಿ ಮಾತನಾಡಿಸಿ. ಯಾವ ಬಡಾವಣೆಯನ್ನು ಏಕೆ ಬಿಟ್ಟರು ಎಂಬುದನ್ನು ಅವರಷ್ಟು ಬಿಚ್ಚಿ ಹೇಳುವವರು ಬೇರೆ ಯಾರೂ ಸಿಗುವುದಿಲ್ಲ.

3. ಬಡಾವಣೆಯ ಆಯ್ಕೆ

ಕಚೇರಿಯನ್ನು ನಡುವೆ ಇಟ್ಟು ನಕ್ಷೆ ತೆರೆಯಿರಿ. ಕಿಲೋಮೀಟರ್ ಮರೆತುಬಿಡಿ, ಬಾಗಿಲಿನಿಂದ ಬಾಗಿಲಿಗೆ ಎಷ್ಟು ನಿಮಿಷ ಎಂದು ನೋಡಿ. ನಿಲ್ದಾಣಕ್ಕೆ ನಡೆಯುವ ಹೊತ್ತು, ಬಸ್ಸಿಗೆ ಕಾಯುವ ಹೊತ್ತು ಎಲ್ಲವೂ ಸೇರಬೇಕು. ನಕ್ಷೆಯ ಆ್ಯಪ್‌ನಲ್ಲಿ ಹೊರಡುವ ಸಮಯವನ್ನು ಸೋಮವಾರದ ಬೆಳಗಿನ ದಟ್ಟಣೆಯ ಹೊತ್ತಿಗೆ ಇಟ್ಟು ಲೆಕ್ಕ ಹಾಕಿಸಿ. ಭಾನುವಾರ ಮಧ್ಯಾಹ್ನ ತೋರಿಸುವ ಸಮಯವನ್ನು ನಂಬಿ ಕೆಟ್ಟವರು ಬಹಳ. ದಿನಕ್ಕೆ ಹೋಗಿ ಬರಲು ಸುಮಾರು ಒಂದು ಗಂಟೆ ಎಂಬುದನ್ನು ಮನುಷ್ಯ ಎಲ್ಲ ಕಾಲದಲ್ಲೂ ಸಹಿಸಿಕೊಂಡು ಬಂದಿದ್ದಾನೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ದೊಡ್ಡ ನಗರಗಳಲ್ಲಿ ಅದು ಹಲವರಿಗೆ ಕನಸಿನ ಮಾತು. ಆದರೂ ಒಂದು ಬದಿಗೆ ಮುಕ್ಕಾಲು ಗಂಟೆ ಮೀರಿದರೆ ಎರಡು ಸಲ ಯೋಚಿಸಿ.

ಅಗ್ಗದ, ಆದರೆ ಬದುಕಲು ಯೋಗ್ಯವಾದ ಜಾಗ ಸಾಮಾನ್ಯವಾಗಿ ಎಲ್ಲಿ ಸಿಗುತ್ತದೆ? ಎಲ್ಲರ ಬಾಯಲ್ಲೂ ಇರುವ ಬಡಾವಣೆಯ ಪಕ್ಕದ, ಹೆಸರು ಅಷ್ಟಾಗಿ ಕೇಳದ ಬಡಾವಣೆಯಲ್ಲಿ. ಅದೇ ರೈಲು ಅಥವಾ ಬಸ್ ಮಾರ್ಗದಲ್ಲಿ ಎರಡು ಮೂರು ನಿಲ್ದಾಣ ಆಚೆ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳ ಮೇಲಿನ ಮಹಡಿಗಳಲ್ಲಿ. ಇಪ್ಪತ್ತೆರಡರ ವಯಸ್ಸಿನಲ್ಲಿ ಮೂರು ಮಹಡಿ ಹತ್ತುವುದು ದೊಡ್ಡ ತೊಂದರೆಯಲ್ಲ. ಆದರೆ ತೀರ ಮೇಲಿನ ಮಹಡಿಯಾದರೆ ಬೇಸಿಗೆಯ ಕಾವನ್ನೂ ಮಳೆಗಾಲದ ಸೋರಿಕೆಯನ್ನೂ ವಿಚಾರಿಸಿಕೊಳ್ಳಿ. ದೊಡ್ಡ ಕಾಲೇಜುಗಳ ಸುತ್ತಮುತ್ತ ಹೊಸ ಶೈಕ್ಷಣಿಕ ವರ್ಷದ ಆರಂಭದಲ್ಲಿ ಮನೆಗಳಿಗೆ ಬೇಡಿಕೆ ಏರುತ್ತದೆ; ಆ ತಿಂಗಳುಗಳನ್ನು ತಪ್ಪಿಸಿ ಹುಡುಕಿದರೆ ಮಾತುಕತೆಗೆ ಅವಕಾಶ ಇರುತ್ತದೆ.

ಎರಡು ಮೂರು ಬಡಾವಣೆಗಳನ್ನು ಆರಿಸಿಕೊಂಡ ಮೇಲೆ ಕಾಲ್ನಡಿಗೆಯಲ್ಲಿ ಸುತ್ತಿ. ಕೆಲಸದ ದಿನ ಬೆಳಗ್ಗೆ ಒಮ್ಮೆ, ರಜಾದಿನ ಒಮ್ಮೆ, ರಾತ್ರಿ ಒಮ್ಮೆ. ರಾತ್ರಿಯದು ಮುಖ್ಯ. ನೀವು ತಡವಾಗಿ ಕೆಲಸ ಮುಗಿಸಿ ಬರುವ ಹೊತ್ತಿಗೆ ನಿಲ್ದಾಣದಲ್ಲಿ ಇಳಿದು, ಆ ಬೀದಿಯವರೆಗೆ ನಡೆದು ನೋಡಿ. ಎಷ್ಟು ದೀಪದ ಕಂಬಗಳು ನಿಜಕ್ಕೂ ಉರಿಯುತ್ತಿವೆ? ಯಾವ ಅಂಗಡಿ ಇನ್ನೂ ತೆರೆದಿದೆ? ಔಷಧ ಅಂಗಡಿಯ ಬೆಳಕು ರಸ್ತೆಗೆ ಬೀಳುತ್ತಿದ್ದರೆ, ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರೆ ಆ ತಿರುವು ದಾಟುವುದು ಸುಲಭ. ಹಗಲಲ್ಲಿ ನೆರಳಿನ ತಂಪು ಕೊಡುವ ಮರದ ಸಾಲು ರಾತ್ರಿ ಹತ್ತಕ್ಕೆ ದೀಪದ ಬೆಳಕನ್ನೇ ಮುಚ್ಚಿರಬಹುದು. ಮಧ್ಯೆ ಖಾಲಿ ನಿವೇಶನ, ಎತ್ತರದ ಕಾಂಪೌಂಡ್ ಗೋಡೆ, ಬಾಗಿಲು ಎಳೆದ ಗೋದಾಮುಗಳ ಸಾಲು ಇದ್ದರೆ ಆ ದಾರಿಯನ್ನು ದಿನಾ ನಡೆಯಲು ಮನಸ್ಸಾದೀತೇ ಎಂದು ಕೇಳಿಕೊಳ್ಳಿ. ಹೆಣ್ಣುಮಕ್ಕಳು ಈ ಪರೀಕ್ಷೆಯನ್ನು ಹೇಗೂ ಮಾಡುತ್ತಾರೆ. ಗಂಡುಮಕ್ಕಳೂ ಮಾಡುವುದು ಒಳ್ಳೆಯದು.

ನಡೆಯುವಾಗ ಪಕ್ಕದ ಖಾಲಿ ಜಾಗದಲ್ಲಿ ಕಟ್ಟಡ ಏಳುತ್ತಿದೆಯೇ ನೋಡಿ. ಅಡಿಪಾಯದ ಹಂತದಲ್ಲಿದ್ದರೆ ನಿಮ್ಮ ಇಡೀ ವರ್ಷ ಸದ್ದು ಮತ್ತು ದೂಳಿನಲ್ಲಿ ಕಳೆಯಬಹುದು. ಮಳೆ ಬಂದ ದಿನ ಹೋಗಲು ಸಾಧ್ಯವಾದರೆ ಬೇರೆ ಯಾವ ವಿಚಾರಣೆಯೂ ಬೇಡ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣೆದುರೇ ಇರುತ್ತದೆ. ದಿನಸಿ ಅಂಗಡಿಯಲ್ಲಿ ಏನಾದರೂ ಕೊಂಡು, ನೀರು, ವಿದ್ಯುತ್, ಕಳ್ಳತನದ ಬಗ್ಗೆ ಎರಡು ಮಾತು ಕೇಳಿ. ಮನೆ ಮಾಲೀಕರು ಹೇಳದ ಸಂಗತಿಯನ್ನು ಅಂಗಡಿಯವರು ಚಿಲ್ಲರೆ ಎಣಿಸುತ್ತಲೇ ಹೇಳಿಬಿಡುತ್ತಾರೆ.

4. ಜಾಹೀರಾತನ್ನು ಅನುಮಾನದಿಂದ ಓದಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ಅಗಲ ಕೋನದ ಲೆನ್ಸ್ ಹತ್ತಡಿಯ ಕೋಣೆಯನ್ನು ಸಭಾಂಗಣದಂತೆ ತೋರಿಸುತ್ತದೆ. ‘ನಿಲ್ದಾಣಕ್ಕೆ ಐದು ನಿಮಿಷ’ ಎಂದರೆ ನಡೆದೋ, ಬೈಕಿನಲ್ಲೋ, ನಡುರಾತ್ರಿಯ ಖಾಲಿ ರಸ್ತೆಯಲ್ಲೋ ಎಂದು ಕೇಳಬೇಕು. ಸ್ನಾನದ ಕೋಣೆಯ ಫೋಟೊ ಇಲ್ಲದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ.

ಇವು ಸಣ್ಣ ಉತ್ಪ್ರೇಕ್ಷೆಗಳು. ವಂಚನೆಯ ರೂಪ ಬೇರೆ. ಅಕ್ಕಪಕ್ಕದ ಮನೆಗಳಿಗಿಂತ ತೀರ ಕಡಿಮೆ ಬಾಡಿಗೆ, ಚೆಂದದ ಫೋಟೊಗಳು, ತಾನು ಪರದೇಶದಲ್ಲಿದ್ದೇನೆ ಎನ್ನುವ ಮಾಲೀಕ, ‘ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, ಮುಂಗಡ ಹಾಕಿದರೆ ಬೀಗದ ಕೈ ಕಳುಹಿಸುತ್ತೇನೆ’ ಎಂಬ ಅವಸರ. ಇವು ಒಟ್ಟಿಗೆ ಕಂಡರೆ ಮಾತು ಮುಂದುವರಿಸಬೇಡಿ. ಫೋಟೊವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಅದೇ ಕೋಣೆ ಬೇರೆ ಊರಿನ, ಬೇರೆ ಹೆಸರಿನ ಜಾಹೀರಾತಿನಲ್ಲಿ ಸಿಕ್ಕಿಬೀಳುವುದುಂಟು. ನಿಯಮ ಒಂದೇ: ನೀವೋ ನೀವು ನಂಬುವ ಒಬ್ಬರೋ ಒಳಗೆ ಕಾಲಿಟ್ಟು ನೋಡುವವರೆಗೆ, ಬಾಡಿಗೆಗೆ ಕೊಡುವವರಿಗೆ ಆ ಹಕ್ಕು ಇದೆ ಎಂದು ಕಾಗದದಲ್ಲಿ ಖಚಿತವಾಗುವವರೆಗೆ ಹಣ ಕಳುಹಿಸಬೇಡಿ. ಆಸ್ತಿ ತೆರಿಗೆಯ ರಸೀದಿ ಅಥವಾ ವಿದ್ಯುತ್ ಬಿಲ್ಲಿನ ಹೆಸರು, ಮಾಲೀಕರ ಗುರುತಿನ ಚೀಟಿಯ ಹೆಸರು ಹೊಂದುತ್ತವೆಯೇ ನೋಡಿ.

5. ಮನೆ ನೋಡುವಾಗ

ಹಗಲು ಬೆಳಕಿನಲ್ಲೇ ಹೋಗಿ, ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರು ಮಾಲೀಕರ ಜೊತೆ ಮಾತನಾಡುತ್ತಿದ್ದರೆ ಇನ್ನೊಬ್ಬರು ನಿಧಾನವಾಗಿ ನೋಡಬಹುದು. ಮೊಬೈಲ್ ಚಾರ್ಜರ್ ಮತ್ತು ಅಳತೆಯ ಟೇಪು ಚೀಲದಲ್ಲಿರಲಿ.

ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆರೆಯುವುದರಿಂದ ಶುರು ಮಾಡಿ. ಒಳಗೆ ಬಗ್ಗಿ ಮೊಬೈಲ್ ಟಾರ್ಚ್ ಹಾಕಿ. ಹಲಗೆ ಉಬ್ಬಿದೆಯೇ, ಮೂಲೆಯಲ್ಲಿ ಕಪ್ಪು ಚುಕ್ಕೆಗಳಿವೆಯೇ, ಪೈಪಿನ ಸುತ್ತ ಬಟ್ಟೆ ಸುತ್ತಿದ್ದಾರೆಯೇ, ಜಿರಲೆಯ ಹಿಕ್ಕೆ ಬಿದ್ದಿದೆಯೇ? ಮನೆಯ ನಿರ್ವಹಣೆ ಹೇಗಿದೆ ಎಂಬುದಕ್ಕೆ ಹಾಲ್‌ನ ಹೊಸ ಬಣ್ಣಕ್ಕಿಂತ ಈ ಕತ್ತಲೆ ಗೂಡು ಪ್ರಾಮಾಣಿಕ ಸಾಕ್ಷಿ. ಆಮೇಲೆ ಸ್ನಾನದ ಕೋಣೆ. ಷವರ್ ಬಿಟ್ಟು, ಅದು ಹರಿಯುತ್ತಿರುವಾಗಲೇ ಫ್ಲಷ್ ಒತ್ತಿ. ನೀರಿನ ಒತ್ತಡ ಸಾಕೇ ಎಂಬುದು ಆಗ ತಿಳಿಯುತ್ತದೆ. ನೀರು ಎಷ್ಟು ಬೇಗ ಇಳಿದು ಹೋಗುತ್ತದೆ ಎಂದೂ ಗಮನಿಸಿ. ನೀರು ಕಾಯಿಸಲು ಗ್ಯಾಸ್ ಗೀಸರ್ ಇದ್ದು ಗಾಳಿಯಾಡಲು ದಾರಿ ಇಲ್ಲದಿದ್ದರೆ ಆ ಮನೆ ಬೇಡ, ಅಥವಾ ಗೀಸರ್ ಬದಲಿಸಿದ ಮೇಲೆ ಮಾತ್ರ ಬೇಕು. ಅಲ್ಲಿ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ.

ಗೋಡೆಯಲ್ಲಿ ಒಂದೇ ತುಂಡಿಗೆ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದೆ ತೇವ ಇರುವ ಸಾಧ್ಯತೆ ಹೆಚ್ಚು. ಅಂಗೈ ಇಟ್ಟು ನೋಡಿ. ಪ್ರತಿ ಪ್ಲಗ್ಗಿಗೂ ಚಾರ್ಜರ್ ಚುಚ್ಚಿ. ಮಲಗುವ ಕೋಣೆಯ ನಡುವೆ ನಿಂತು ಯಾರಿಗಾದರೂ ಕರೆ ಮಾಡಿ, ಸಿಗ್ನಲ್ ಇಲ್ಲದ ಮನೆಗಳು ಬಹಳ ಇವೆ. ಕಿಟಕಿ ಮುಚ್ಚಿ ಎರಡು ನಿಮಿಷ ಯಾರೂ ಮಾತನಾಡದೆ ನಿಲ್ಲಿ: ಮೇಲಿನವರ ಹೆಜ್ಜೆ, ಪಕ್ಕದ ಟಿ.ವಿ., ರಸ್ತೆಯ ಹಾರ್ನ್ ಯಾವುದು ಎಷ್ಟು ಕೇಳುತ್ತದೆ? ಬೆಂಕಿ ಬಿದ್ದರೆ ಹೊರಗೆ ಹೋಗುವ ಎರಡನೆಯ ದಾರಿ ಯಾವುದು ಎಂದು ಕೇಳಲು ಮರೆಯಬೇಡಿ. ಎಲ್ಲ ಕಿಟಕಿಗೂ ತೆರೆಯಲಾಗದ ಕಬ್ಬಿಣದ ಸರಳು, ಒಂದೇ ಕಿರಿದಾದ ಮೆಟ್ಟಿಲು ಇದ್ದರೆ ನಾನಂತೂ ಬೇಡ ಎನ್ನುತ್ತೇನೆ.

ಈಗಿನ ಬಾಡಿಗೆದಾರರು ಸಿಕ್ಕರೆ, ಮಾಲೀಕರು ಇಲ್ಲದ ಹೊತ್ತಲ್ಲಿ ಮೂರು ಪ್ರಶ್ನೆ ಕೇಳಿ. ಏಕೆ ಬಿಡುತ್ತಿದ್ದೀರಿ? ಏನಾದರೂ ಕೆಟ್ಟಾಗ ಸರಿಪಡಿಸಲು ಎಷ್ಟು ದಿನ ಹಿಡಿಯಿತು? ಇದಕ್ಕೆ ಮೊದಲಿದ್ದವರ ಠೇವಣಿ ಸರಿಯಾಗಿ ವಾಪಸಾಯಿತಂತೆಯೇ?

6. ಒಬ್ಬರೇ ಇರುವುದೋ, ಹಂಚಿಕೊಳ್ಳುವುದೋ

ದುಡ್ಡಿನ ದೃಷ್ಟಿಯಿಂದ ಹಂಚಿಕೊಳ್ಳುವುದೇ ಸರಿ. ಎರಡು ಕೋಣೆಯ ಮನೆಯ ಅರ್ಧ ಬಾಡಿಗೆ ಒಂದು ಕೋಣೆಯ ಮನೆಯ ಪೂರ್ತಿ ಬಾಡಿಗೆಗಿಂತ ಸಾಮಾನ್ಯವಾಗಿ ಕಡಿಮೆ. ಕಷ್ಟ ಇರುವುದು ಜೊತೆಗಾರರ ಆಯ್ಕೆಯಲ್ಲಿ. ಕಾಲೇಜಿನ ಆಪ್ತ ಗೆಳೆಯನೇ ಮನೆಗೆ ಒಳ್ಳೆಯ ಜೊತೆಗಾರ ಎಂದೇನಿಲ್ಲ. ಮಲಗುವ ಹೊತ್ತು, ಪಾತ್ರೆ ತೊಳೆಯುವ ಹೊತ್ತು, ಬಿಲ್ ಕಟ್ಟುವ ಹೊತ್ತು ಹೊಂದಿದರೆ ಅಪರಿಚಿತರೂ ಸಾಕು.

ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ. ಆದರೆ ‘ಜಂಟಿ ಹೊಣೆ’ ಎಂಬ ಷರತ್ತು ಇದ್ದರೆ ಒಬ್ಬ ಕೈಕೊಟ್ಟಾಗ ಅವನ ಪಾಲನ್ನೂ ಉಳಿದವರೇ ಕಟ್ಟಬೇಕಾಗುತ್ತದೆ, ಅದನ್ನು ತಿಳಿದೇ ಸಹಿ ಹಾಕಿ. ನಡುವೆ ಒಬ್ಬರು ಬಿಟ್ಟು ಹೋದರೆ ಬದಲಿಯನ್ನು ಯಾರು ಹುಡುಕಬೇಕು, ಠೇವಣಿಯ ಪಾಲು ಯಾವಾಗ ಕೊಡಬೇಕು ಎಂದು ನಿಮ್ಮೊಳಗೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕೋಣೆಗಳು ಸಮವಾಗಿರುವುದಿಲ್ಲ; ಒಂದಕ್ಕೆ ಕಿಟಕಿ ದೊಡ್ಡದು, ಇನ್ನೊಂದು ಗೂಡಿನಂತೆ. ಬಾಡಿಗೆಯನ್ನು ಸಮವಾಗಿ ಹಂಚಿದರೆ ಜಗಳಕ್ಕೆ ಬೀಜ ಬಿತ್ತಿದಂತೆ. ಗಣಿತಜ್ಞ ಫ್ರಾನ್ಸಿಸ್ ಸು 1999ರಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಕೆಲವು ಸಾಧಾರಣ ಷರತ್ತುಗಳಿಗೆ ಒಳಪಟ್ಟು, ಪ್ರತಿಯೊಬ್ಬರೂ ಬೇರೆಬೇರೆ ಕೋಣೆಯನ್ನೇ ಇಷ್ಟಪಡುವಂತೆ ಬಾಡಿಗೆಯನ್ನು ಹಂಚುವ ಒಂದು ದಾರಿ ಇದ್ದೇ ಇರುತ್ತದೆ ಎಂದು ತೋರಿಸಿದ್ದಾರೆ. ಮನೆಯಲ್ಲಿ ಇದನ್ನು ಸರಳವಾಗಿ ಮಾಡಬಹುದು: ಪ್ರತಿಯೊಬ್ಬರೂ ಯಾವ ಕೋಣೆಗೆ ಎಷ್ಟು ಕೊಡಲು ಸಿದ್ಧ ಎಂದು ಗುಟ್ಟಾಗಿ ಚೀಟಿಯಲ್ಲಿ ಬರೆಯಲಿ, ಎಲ್ಲ ಕೋಣೆ ಸೇರಿ ಒಟ್ಟು ಬಾಡಿಗೆಯಷ್ಟಾಗುವಂತೆ. ಚೀಟಿಗಳನ್ನು ಒಟ್ಟಿಗೆ ತೆರೆದು ಮಾತನಾಡಿ.

7. ಮಾತುಕತೆ ಮತ್ತು ಕರಾರು

ಬಾಡಿಗೆ ಇಳಿಸದ ಮಾಲೀಕರೂ ಬೇರೆ ವಿಷಯದಲ್ಲಿ ಬಗ್ಗುತ್ತಾರೆ. ಬಣ್ಣ ಹೊಡೆಸಿಕೊಡಿ, ಗೀಸರ್ ಬದಲಿಸಿ, ಠೇವಣಿಯನ್ನು ಎರಡು ಕಂತಿನಲ್ಲಿ ತೆಗೆದುಕೊಳ್ಳಿ, ಬಾಡಿಗೆಯನ್ನು ಹದಿನೈದನೇ ತಾರೀಖಿನಿಂದ ಲೆಕ್ಕ ಹಿಡಿಯಿರಿ ಎಂದು ಕೇಳಿ. ಅದೇ ಬೀದಿಯಲ್ಲಿ ಖಾಲಿ ಇರುವ ಇನ್ನೆರಡು ಮನೆಗಳ ಬಾಡಿಗೆ ಗೊತ್ತಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕರಾರು ಪತ್ರವನ್ನು ಮನೆಗೆ ತಂದು ಓದಿ. ‘ಎಲ್ಲರೂ ಹಾಕುವ ಸಹಿಯೇ, ಇಲ್ಲೇ ಹಾಕಿ’ ಎಂದರೆ ನಾಳೆ ಬರುತ್ತೇನೆ ಎನ್ನಿ. ಬಾಡಿಗೆ, ಕಟ್ಟುವ ದಿನಾಂಕ, ವಾರ್ಷಿಕ ಏರಿಕೆ, ನಿರ್ವಹಣಾ ಶುಲ್ಕದಲ್ಲಿ ಏನೇನು ಸೇರಿದೆ ಎಂಬುದು ಹೇಗೂ ಕಣ್ಣಿಗೆ ಬೀಳುತ್ತದೆ. ಹೆಚ್ಚು ಗಮನ ಬೇಕಾದದ್ದು ಮೂರಕ್ಕೆ. ಠೇವಣಿಯನ್ನು ಎಷ್ಟು ದಿನದೊಳಗೆ, ಯಾವ ಕಡಿತದೊಂದಿಗೆ ಹಿಂದಿರುಗಿಸುತ್ತಾರೆ? ಅವಧಿಗೆ ಮುನ್ನ ಬಿಟ್ಟರೆ ಎಷ್ಟು ದಂಡ? ಮೊದಲ ಕೆಲಸ ಎಂದರೆ ವರ್ಗಾವಣೆಯೂ ಆಗಬಹುದು, ಕೆಲಸವೇ ಹೋಗಬಹುದು, ಹಾಗಾಗಿ ಹೊರಬರುವ ದಾರಿ ಕಿರಿದಾಗಿರಬಾರದು. ದುರಸ್ತಿ ಯಾರ ಖರ್ಚಿನಲ್ಲಿ? ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನೂ ಕರಾರಿನಲ್ಲಿ ಸೇರಿಸಲು ಹೇಳಿ. ಒಪ್ಪದಿದ್ದರೆ ಆ ಭರವಸೆ ಇಲ್ಲವೆಂದೇ ತಿಳಿಯಿರಿ. ಠೇವಣಿಯ ಮಿತಿ, ನೋಟಿಸ್ ಅವಧಿಗಳ ಬಗ್ಗೆ ಒಂದೊಂದು ಕಡೆ ಒಂದೊಂದು ಕಾನೂನು ಇರುತ್ತದೆ. ನೀವಿರುವಲ್ಲಿನ ಬಾಡಿಗೆ ಕಾಯ್ದೆಯನ್ನು ಸಹಿ ಹಾಕುವ ಮೊದಲು ಒಮ್ಮೆ ತಿರುವಿಹಾಕಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ನಗದು ಕೊಟ್ಟರೆ ಸ್ಥಳದಲ್ಲೇ ರಸೀದಿ ಪಡೆಯಿರಿ.

8. ಬೀಗದ ಕೈ ಸಿಕ್ಕ ದಿನ

ಒಂದು ಚೀಲವನ್ನೂ ಒಳಗೆ ತರುವ ಮೊದಲು ಖಾಲಿ ಮನೆಯನ್ನು ಬಾಗಿಲಿನಿಂದ ಬಚ್ಚಲಿನವರೆಗೆ ವಿಡಿಯೊ ಮಾಡಿ. ಬಿರುಕು, ಕಲೆ, ಒಡೆದ ಟೈಲ್ಸ್, ಕೆಟ್ಟ ಸ್ವಿಚ್ ಹತ್ತಿರದಿಂದ ಕಾಣಲಿ. ವಿದ್ಯುತ್, ನೀರು, ಗ್ಯಾಸ್ ಮೀಟರ್‌ಗಳ ಅಂಕಿಯ ಫೋಟೊ ತೆಗೆಯಿರಿ. ಇವೆಲ್ಲವನ್ನೂ ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿ, ‘ಮನೆ ಹೊಕ್ಕಾಗಲೇ ಇದ್ದ ದೋಷಗಳು’ ಎಂದು ಒಂದು ಸಾಲು ಬರೆದರೆ ಸಾಕು. ಬಿಡುವ ದಿನ ಠೇವಣಿಯ ಜಗಳ ಎದ್ದಾಗ ಹುಡುಕಾಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹಿಂದಿನವರ ಬಳಿ ಎಷ್ಟು ಬೀಗದ ಕೈ ಉಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಬೀಗ ಬದಲಿಸಿ.

ಸಾಮಾನು ಕೊಳ್ಳಲು ಅವಸರ ಬೇಡ. ಹಾಸಿಗೆ, ಪರದೆ, ಬಕೆಟ್, ಅಡುಗೆಗೆ ಬೇಕಾದದ್ದು ಇಷ್ಟಿದ್ದರೆ ಮೊದಲ ತಿಂಗಳು ಕಳೆಯುತ್ತದೆ. ಸೋಫಾ ಕೊಳ್ಳುವ ಮೊದಲು ಮೆಟ್ಟಿಲಿನ ತಿರುವನ್ನು ಅಳೆಯಿರಿ.

ಕರಾರು ಮುಗಿಯುವ ದಿನಕ್ಕೆ ಮೂರು ತಿಂಗಳು ಮೊದಲೇ ಎಚ್ಚರಿಸುವಂತೆ ಮೊಬೈಲ್‌ನಲ್ಲಿ ಜ್ಞಾಪನೆ ಇಟ್ಟುಕೊಳ್ಳಿ. ಮುಂದುವರಿಯಬೇಕೋ ಬಿಡಬೇಕೋ ಎಂದು ಆಗ ತೀರ್ಮಾನಿಸಿದರೆ ನೋಟಿಸ್ ಕೊಡಲೂ, ಏರಿಕೆಯ ಬಗ್ಗೆ ಚೌಕಾಸಿ ಮಾಡಲೂ, ಬೇರೆ ಮನೆ ನೋಡಲೂ ಸಮಯ ಇರುತ್ತದೆ.